ಏಲಿಯನ್ನಾ, ಫ್ಲವರ್‌ಬಾಂಬಾ? ಎರಡು ವಾರ ಹಾಕಿ ನೋಡಿದ ಮೇಲೆ

ಎರಡೂ 2005ರಲ್ಲಿ ಬಂದ ಪರ್ಫ್ಯೂಮ್‌ಗಳು, ಎರಡೂ ಸಿಹಿ, ಎರಡೂ ಜೋರು. ಎರಡು ವಾರ ಒಂದು ಕೈಗೆ ಮುಗ್ಲರ್ ಏಲಿಯನ್, ಇನ್ನೊಂದಕ್ಕೆ ವಿಕ್ಟರ್ ಆಂಡ್ ರಾಲ್ಫ್ ಫ್ಲವರ್‌ಬಾಂಬ್ ಹಾಕಿಕೊಂಡು ಓಡಾಡಿದೆ.

ಫ್ಲವರ್‌ಬಾಂಬ್ ಮೊದಲ ಸಲಕ್ಕೇ ಇಷ್ಟವಾಗುತ್ತದೆ. ಗುಲಾಬಿ, ಮಲ್ಲಿಗೆ, ಫ್ರೀಸಿಯಾ, ಅವುಗಳ ಕೆಳಗೆ ಪಚೌಲಿ ಎಂಬ ಎಲೆಯ ಮಣ್ಣಿನಂಥ ಕಂಪು. ಆದರೆ ಒಂದೆರಡು ಗಂಟೆಯಲ್ಲಿ ನನ್ನ ಚರ್ಮದ ಮೇಲೆ ಹೂವು ಹಿಂದೆ ಸರಿದು ಬರೀ ಸಕ್ಕರೆ ಉಳಿಯಿತು. ಚಳಿಗಾಲದ ಸಂಜೆಗೆ ಚೆಂದ.

ಏಲಿಯನ್ ಬೇರೆಯೇ. ಅದರ ಜೀವಾಳ ಜಾಸ್ಮಿನ್ ಸಾಂಬಾಕ್, ಅಂದರೆ ನಮ್ಮ ಉಡುಪಿಯ ಶಂಕರಪುರ ಮಲ್ಲಿಗೆಯ ಜಾತಿಯೇ. ಮಲ್ಲಿಗೆ ಮುಡಿದು ಬೆಳೆದವರಿಗೆ ಗೊತ್ತಿರುತ್ತದೆ ಅಲ್ವಾ, ರಾತ್ರಿ ಜಡೆ ಬಿಚ್ಚಿದಾಗ ಬಾಡಿದ ಮಾಲೆಯಿಂದ ಬರುವ ಆ ದಟ್ಟ, ಸ್ವಲ್ಪ ತಲೆ ತಿರುಗಿಸುವ ಕಂಪು, ಅದು ಇಲ್ಲಿದೆ, ಜೊತೆಗೆ ಕ್ಯಾಶ್ಮೆರಾನ್ ಎಂಬ ಕೃತಕ ಸುಗಂಧ ವಸ್ತು ಕೊಡುವ ಮರದ ಬಿಸುಪು ಮತ್ತು ಆಂಬರ್ ಎಂಬ ಬೆಚ್ಚಗಿನ, ಸಿಹಿ ಪರಿಮಳ. ಮಾರನೇ ದಿನವೂ ದುಪಟ್ಟಾದಲ್ಲಿ ಉಳಿದಿತ್ತು. ಒಂದೇ ಸ್ಪ್ರೇ ಸಾಕು, ಎಸಿ ಆಫೀಸಿನಲ್ಲಿ ಎರಡಾದರೆ ಪಕ್ಕದವರಿಗೆ ಜಾಸ್ತಿ.

ನಾನು ಏಲಿಯನ್ 30 ಎಂಎಲ್ ತೆಗೆದುಕೊಂಡೆ. ಸುಮ್ನೆ ಅಂಗಡಿಯಲ್ಲಿ ಸ್ಪ್ರೇ ಮಾಡಿ ಕೊಡುವ ಪೇಪರ್ ಪಟ್ಟಿ ಮೂಸಿ ದುಡ್ಡು ಕೊಡಬೇಡಿ, ಕೈಗೆ ಹಾಕಿ ಸಂಜೆವರೆಗೂ ಕಾಯಿರಿ.