ಕ್ಯಾಂಪಾ, ಮೊಬೈಲಾ, ಮೇಸ್ತ್ರಿಯಾ? ಹುಡುಗರಿಗೆ ಪಂಪ್ ಕೆಲಸ ಕಲಿಸಿ ನೋಡಿದ್ದು

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ಕಂಪೆನಿ. ಪಂಪ್ ಮಾರಾಟ, ರಿಪೇರಿ. ನನ್ನನ್ನೂ ಸೇರಿಸಿ 9 ಜನ. ಡಿಸೆಂಬರಿನಿಂದ ಮೇ ತನಕ ಅಡಿಕೆ ತೋಟಕ್ಕೆ ನೀರು ಬಿಡುವ ಕಾಲ, ಫೋನ್ ಕೆಳಗಿಡಲು ಪುರುಸೊತ್ತಿಲ್ಲ. ಆದರೆ ಕೆಟ್ಟ ಪಂಪನ್ನು ಬಿಚ್ಚಿ ನೋಡಬಲ್ಲವರು ನಮ್ಮಲ್ಲಿ ಒಬ್ಬರೇ, ಹಿರಿಯ ಮೇಸ್ತ್ರಿ. ಅವರಿಗೆ ಜ್ವರ ಬಂದರೆ ಅಂಗಡಿಗೇ ಜ್ವರ. ಹಾಗಾಗಿ ಎರಡು ಮಳೆಗಾಲ ನಾಲ್ಕು ಹುಡುಗರ ಮೇಲೆ ಮೂರು ದಾರಿ ಪ್ರಯೋಗ ಮಾಡಿದೆ. ಸರಕಾರದ ಅಪ್ರೆಂಟಿಸ್ ಯೋಜನೆ ಅಂತ ಒಂದಿದೆ. 30 ಜನ ಇಲ್ಲದ ನಮ್ಮಂಥವರಿಗೆ ಅದು ಕಡ್ಡಾಯ ಅಲ್ಲ, ನಾನು ಮಾಡಿ ನೋಡಿಯೂ ಇಲ್ಲ. ಅದನ್ನು ಬಿಡೋಣ.

ಮೊದಲು ಇಬ್ಬರನ್ನು ಕೊಯಮತ್ತೂರಿಗೆ ಕಳಿಸಿದೆ. ಒಂದು ಪಂಪ್ ಕಂಪೆನಿಯ ಮೂರು ದಿನದ ಕ್ಯಾಂಪ್. ಫೀಸಿಲ್ಲ. ಆದರೂ ರೈಲು, ಊಟ, ಆ ದಿನಗಳ ಸಂಬಳ ಅಂತ 10,000 ರೂಪಾಯಿ ಮೇಲೆ ಹೋಯಿತು. ಪಾಠ ತಮಿಳು ಮತ್ತು ಇಂಗ್ಲಿಷಿನಲ್ಲಿ. ತುಳು, ಕನ್ನಡ, ಮಲಯಾಳ ಮೂರೂ ಬಲ್ಲ ಹುಡುಗರಿಗೆ ನಾಲ್ಕನೆಯದು ಬರಲಿಲ್ಲ ಅಂತ ಬೈಯುವುದು ಹೇಗೆ? ಅಲ್ಲಿ ಬಿಚ್ಚಿದ್ದು ಹೊಳೆಯುವ ಹೊಸ ಮೋಟಾರು. ನಮ್ಮಲ್ಲಿಗೆ ಬರುವುದು ಕೆಂಪು ಕೆಸರು ತುಂಬಿ ಹಿಡಿದುಕೊಂಡ ಪಂಪು. ಒಂದು ಲಾಭ ಆಯಿತು ಅನ್ನಬೇಕು. ಬಾವಿಯ ಆಳ, ತೋಟದ ಎತ್ತರ ಕೇಳಿ, ಚಾರ್ಟ್ ನೋಡಿ ಎಷ್ಟು ಹೆಚ್‌ಪಿ ಬೇಕು ಅಂತ ಹೇಳಲು ಕಲಿತು ಬಂದರು. ನಮ್ಮ ಮೇಸ್ತ್ರಿ ಅದನ್ನು ಅಂದಾಜಿನಲ್ಲೇ ಹೇಳುವವರು.

ಆಮೇಲೆ ಮೊಬೈಲ್ ವಿಡಿಯೋ. ಖರ್ಚಿಲ್ಲ, ಮಲಯಾಳದಲ್ಲಿ ಬೇಕಾದಷ್ಟು ಇವೆ. ಕೆಲಸ ಗೊತ್ತಿದ್ದವನು ಮರೆತದ್ದನ್ನು ನೆನಪು ಮಾಡಿಕೊಳ್ಳಲು ಒಳ್ಳೆಯದು. ಹೊಸಬನಿಗೆ ಅಪಾಯ, ಯಾಕೆಂದರೆ ನೋಡುವಾಗ ಎಲ್ಲ ಗೊತ್ತಿದ್ದ ಹಾಗೇ ಅನಿಸುತ್ತದೆ. ಒಬ್ಬ ಹುಡುಗ ವಿಡಿಯೋದಲ್ಲಿ ಕಂಡ ಬಣ್ಣ ನಂಬಿ ಸಿಂಗಲ್ ಫೇಸ್ ಬೋರ್‌ವೆಲ್ ಮೋಟಾರಿನ ಮೂರು ವಯರನ್ನು ಪ್ಯಾನಲ್‌ಗೆ, ಅಂದರೆ ಸ್ವಿಚ್ ಪೆಟ್ಟಿಗೆಗೆ, ಕೊಟ್ಟ. ಹಿಂದೆ ಯಾರೋ ಕೇಬಲ್ ಜಾಯಿಂಟ್ ಹಾಕುವಾಗ ಬಣ್ಣ ಅದಲು ಬದಲು ಮಾಡಿದ್ದರು. ವೈಂಡಿಂಗ್, ಅಂದರೆ ಮೋಟಾರಿನ ಒಳಗಿನ ತಂತಿ ಸುರುಳಿ, ಸುಟ್ಟಿತು. ದುಡ್ಡು ನನ್ನದು, ಬೈಗುಳವೂ ನನಗೇ.

ಮೂರನೆಯದು ಮೇಸ್ತ್ರಿಯ ಕೈಕೆಳಗೆ ಬಿಡುವುದು. ಇದು ಸುಲಭ ಅಂದುಕೊಂಡಿದ್ದೆ. ಮೊದಲ ತಿಂಗಳು ಹುಡುಗ ಸ್ಪ್ಯಾನರ್ ಕೊಟ್ಟ, ಚಾ ತಂದ, ಅಷ್ಟೇ. ಕೇಳಿದರೆ, "ನೋಡ್ತಾ ನೋಡ್ತಾ ಬರ್ತದೆ, ನಾನು ಹಾಗೇ ಕಲಿತದ್ದು" ಅಂದರು. ಅವರು ಕಲಿಯಲು ಆರು ವರ್ಷ ಹಿಡಿದಿತ್ತು, ಅದನ್ನು ಹೇಳಲಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಹೊಸಬರಿಗೆ ಬೇಗ ಕೆಲಸ ಕಲಿಸಲು ನಾಲ್ಕು ಹಂತದ ಒಂದು ಕ್ರಮ ಇತ್ತು. ಮೊದಲು ಹುಡುಗನನ್ನು ಸಿದ್ಧ ಮಾಡು, ಮಾಡಿ ತೋರಿಸು, ಅವನ ಕೈಯಲ್ಲಿ ಮಾಡಿಸು, ಆಮೇಲೆ ಬಿಟ್ಟು ಆಗಾಗ ನೋಡು. ಅದನ್ನೇ ಹಿಡಿದೆ. "ಅಣ್ಣಾ, ಇವತ್ತು ಮೂರು ವಯರ್ ಮಾತ್ರ ಕಲಿಸಿ, ಬೇರೆ ಏನೂ ಬೇಡ" ಅಂದೆ. ಮೇಸ್ತ್ರಿ ಮಲ್ಟಿಮೀಟರ್ ಹಿಡಿದು ತೋರಿಸಿದರು. ಎರಡೆರಡು ವಯರಿನ ಮಧ್ಯೆ ಓಂ, ಅಂದರೆ ಕರೆಂಟಿಗೆ ಎಷ್ಟು ತಡೆ ಇದೆ ಅಂತ, ನೋಡಬೇಕು. ಯಾವ ಎರಡರ ನಡುವೆ ಎಲ್ಲಕ್ಕಿಂತ ಜಾಸ್ತಿ ಬರುತ್ತದೋ, ಅವನ್ನು ಬಿಟ್ಟು ಉಳಿದದ್ದು ಕಾಮನ್, ಅಂದರೆ ಎರಡೂ ಸುರುಳಿಗೆ ಸೇರಿದ ವಯರು. ಕಾಮನ್‌ನಿಂದ ಕಡಿಮೆ ತೋರಿಸುವುದು ಮೋಟಾರು ಓಡಿಸುವ ರನ್ನಿಂಗ್ ವಯರು, ಜಾಸ್ತಿ ತೋರಿಸುವುದು ಶುರು ಮಾಡಿಸುವ ಸ್ಟಾರ್ಟಿಂಗ್ ವಯರು. ಆಮೇಲೆ ಹುಡುಗನೇ ಬಾಯಲ್ಲಿ ಹೇಳುತ್ತಾ ಮಾಡಬೇಕು. ಐದು ಸಲ ಮಾಡಿದ. ಬಣ್ಣ ನೋಡುವುದನ್ನೇ ಬಿಟ್ಟ.

ಅಷ್ಟಾದರೂ ಮೇಸ್ತ್ರಿಗೆ ಮನಸ್ಸಿರಲಿಲ್ಲ. ಒಂದು ಸಂಜೆ ಬಾಯಿ ಬಿಟ್ಟರು: "ಎಲ್ಲ ಕಲಿಸಿದರೆ ಮತ್ತೆ ನನ್ನನ್ನು ಕೇಳುವವರು ಯಾರು?" ನ್ಯಾಯವೇ ಅಲ್ವಾ? ಹುಡುಗ ಒಬ್ಬನೇ ಮಾಡಿದ ರಿಪೇರಿ ಒಂದು ತಿಂಗಳು ವಾಪಸ್ ಬರದಿದ್ದರೆ ಪಂಪಿಗೆ 50 ರೂಪಾಯಿ ಮೇಸ್ತ್ರಿಗೆ ಅಂತ ಮಾಡಿದೆ. ಅಲ್ಲಿಂದ ಅವರೇ ಹುಡುಗರನ್ನು ಕರೆದು ಕೂರಿಸತೊಡಗಿದರು.

ಡಿಸೆಂಬರಿಗೆ ಮೇಸ್ತ್ರಿಯ ಹತ್ತಿರ ಇದ್ದ ಇಬ್ಬರೂ ಒಬ್ಬೊಬ್ಬರೇ ತೋಟಕ್ಕೆ ಹೋದರು. ಕ್ಯಾಂಪಿಗೆ ಹೋದವರಲ್ಲಿ ಒಬ್ಬ ಸರ್ಟಿಫಿಕೇಟ್ ಹಿಡಿದು ಮಂಗಳೂರಿನ ಅಂಗಡಿ ಸೇರಿದ. ಅವನ ಸಂಬಳ ನಾನು ಸಮಯಕ್ಕೆ ಏರಿಸಲಿಲ್ಲ, ತಪ್ಪು ನನ್ನದೇ. ಈಗಲೂ ಕ್ಯಾಂಪಿಗೆ ಕಳಿಸುತ್ತೇನೆ, ಆದರೆ ಒಂದು ಸೀಸನ್ ಕೈ ಕೆಸರು ಮಾಡಿಕೊಂಡವನನ್ನು ಮಾತ್ರ.

ವೈಂಡಿಂಗ್ ಕೆಲಸವನ್ನು ಮಾತ್ರ ಮೇಸ್ತ್ರಿ ಇನ್ನೂ ಯಾರಿಗೂ ಬಿಟ್ಟುಕೊಟ್ಟಿಲ್ಲ. "ಬರುವ ಮಳೆಗಾಲಕ್ಕೆ ನೋಡುವ" ಅಂದಿದ್ದಾರೆ. 50 ರೂಪಾಯಿಗೆ ಅದು ಆಗಲಿಕ್ಕಿಲ್ಲ.