ಗೇಮ್ ಕಟ್ಟುವ ಸಣ್ಣ ತಂಡ: ಕೆಲಸ ಹಂಚಿಕೊಳ್ಳುವ ಎರಡು ಬಗೆ

ವಿಜಯಪುರದ ನಾಲ್ಕೈದು ಮಂದಿ ಗೆಳೆಯರು ಬಿಡುವಿನ ವೇಳೆಯಲ್ಲಿ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯನ್ನು ಹಿನ್ನೆಲೆಯಾಗಿಟ್ಟುಕೊಂಡು ವಿಡಿಯೊ ಗೇಮ್ ಕಟ್ಟಲು ಹೊರಟರೆ, ಮೊದಲು ತೀರ್ಮಾನವಾಗಬೇಕಾದದ್ದು ಕೆಲಸದ ಹಂಚಿಕೆ.

ಕೌಶಲದ ಪ್ರಕಾರ ಹಂಚಿದರೆ ಒಬ್ಬರಿಗೆ ಕೋಡ್, ಇನ್ನೊಬ್ಬರಿಗೆ ಚಿತ್ರ, ಮತ್ತೊಬ್ಬರಿಗೆ ಧ್ವನಿ. ಆಟದ ರೂಪ ಆದ್ಯಂತ ಒಂದೇ ತೆರನಾಗಿರುತ್ತದೆ. ಆದರೆ ಕೋಡ್ ಬರೆಯುವವರಿಗೆ ಸೆಮಿಸ್ಟರ್ ಪರೀಕ್ಷೆ ಬಂದಿತೆಂದರೆ ಎಲ್ಲರ ಕೆಲಸವೂ ನಿಲ್ಲುತ್ತದೆ.

ಎರಡನೆಯ ಬಗೆಯಲ್ಲಿ ಆಟದ ಒಂದೊಂದು ಭಾಗವನ್ನು ಒಬ್ಬೊಬ್ಬರು ಪೂರ್ತಿಯಾಗಿ ವಹಿಸಿಕೊಳ್ಳುತ್ತಾರೆ. ಪ್ರತಿಧ್ವನಿಯ ಒಗಟನ್ನು ತೆಗೆದುಕೊಂಡವರು, ಆಟಗಾರ ಗೋಡೆಯ ಬಳಿ ಬಂದಾಗ ಶಬ್ದ ಎಷ್ಟು ತಡವಾಗಿ, ಎಷ್ಟು ಸಲ ಮರಳಬೇಕೆಂಬ ಕೋಡನ್ನೂ ಆ ಧ್ವನಿಯನ್ನೂ ತಾವೇ ಹೊಂದಿಸಿ, ಆಡಿ ನೋಡಿ ತಿದ್ದಬಲ್ಲರು. ಕಲಿಕೆ ಇಲ್ಲಿಯೇ ಹೆಚ್ಚು. ತೊಡಕೂ ಇದೆ: ಗೇಮ್ ಕಟ್ಟುವ ತಂತ್ರಾಂಶವಾದ ಗೊಡೋ ಎಂಜಿನ್‌ನಲ್ಲಿ ಒಂದೇ ದೃಶ್ಯದ ಫೈಲನ್ನು ಇಬ್ಬರು ಏಕಕಾಲಕ್ಕೆ ಬದಲಿಸಿದರೆ, ಫೈಲುಗಳಲ್ಲಾದ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶವಾದ ಗಿಟ್‌ನಲ್ಲಿ ಅವೆರಡನ್ನು ಕೂಡಿಸುವುದು ತ್ರಾಸದ ಕೆಲಸ. ಆದ್ದರಿಂದ ದೃಶ್ಯಗಳನ್ನು ಚಿಕ್ಕ ಚಿಕ್ಕದಾಗಿ ಒಡೆದು, ಯಾವುದು ಯಾರ ಪಾಲಿನದೆಂದು ಮೊದಲೇ ಬರೆದಿಡಬೇಕು.

ಹವ್ಯಾಸಿಗಳಿಗೆ ನಾನು ಎರಡನೆಯದನ್ನೇ ಸೂಚಿಸುತ್ತೇನೆ. ಚಿತ್ರಗಳ ಶೈಲಿಯ ಕೊನೆಯ ಮಾತು ಮಾತ್ರ ಒಬ್ಬರದೇ ಆಗಿರಲಿ. ಕೋಡ್ ಬಲ್ಲವರು ತಂಡದಲ್ಲಿ ಒಬ್ಬರೇ ಇದ್ದಲ್ಲಿ ಮೊದಲನೆಯ ಬಗೆಯೇ ಸೂಕ್ತ.