ಗಾಜಿನ ಫೋಟೋಗೆ ಲೈಟ್ ಬಾಕ್ಸಾ, ರಿಂಗ್ ಲೈಟಾ, ಅಪ್ಪನ ಪಂಚೆಯಾ?

ಮೊದಲೇ ಹೇಳಿಬಿಡುತ್ತೇನೆ, ಗೆದ್ದಿದ್ದು ಪಂಚೆ. 1,600 ರೂಪಾಯಿ ಕೊಟ್ಟು ತಂದ ಲೈಟ್ ಬಾಕ್ಸ್ (ಸಾಮಾನು ಒಳಗಿಟ್ಟು ಫೋಟೋ ತೆಗೆಯುವ, ಮೇಲೆ ಎಲ್‌ಇಡಿ ಪಟ್ಟಿ ಇರುವ ಬಿಳಿ ಡಬ್ಬ) ಈಗ ಅಟ್ಟದ ಮೇಲಿದೆ.

ಊರಿನ ಮನೆ ಖಾಲಿ ಮಾಡುವಾಗ ಒಂದಷ್ಟು ಹಳೇ ಗಾಜಿನ ಸಾಮಾನು ಸಿಕ್ಕಿತು. ಲಾಟೀನಿನ ಗಾಜು, ಶರಬತ್ತಿನ ಲೋಟಗಳು, ಆರು ಗೋಲಿ ಸೋಡಾ ಬಾಟಲಿ. ಆನ್‌ಲೈನಲ್ಲಿ ಮಾರೋಣ ಅಂತ ಮೊಬೈಲ್ ಹಿಡಿದು ಕೂತೆ.

ಲೈಟ್ ಬಾಕ್ಸಿನಲ್ಲಿ ಮಣ್ಣಿನ ಕುಡಿಕೆ ಇಟ್ಟರೆ ಅಂಗಡಿ ಫೋಟೋ ಥರ ಬರುತ್ತದೆ, ಸುಳ್ಳು ಹೇಳಬಾರದು. ಗೋಲಿ ಬಾಟಲಿ ಇಟ್ಟೆ ನೋಡಿ, ಭುಜದ ಮೇಲೆ ಬಿಳಿ ಚುಕ್ಕಿಗಳ ಸಾಲು. ಮೇಲಿನ ಪಟ್ಟಿಯಲ್ಲಿದ್ದ ಒಂದೊಂದು ಎಲ್‌ಇಡಿಯೂ ಅಲ್ಲಿ ಹಾಜರಿ ಹಾಕಿತ್ತು. ಬಾಟಲಿ ತಿರುಗಿಸಿದೆ. ಬಾಟಲಿ ತಿರುಗಿತು, ಚುಕ್ಕಿ ಅಲ್ಲೇ ಇತ್ತು. ದುಂಡಗಿರುವುದನ್ನು ಎಷ್ಟು ತಿರುಗಿಸಿದರೂ ಅಷ್ಟೇ ಅಲ್ವಾ? ಇನ್ನು ಕುತ್ತಿಗೆಯಲ್ಲಿ ಗೋಲಿ ತಡೆಯುವುದಕ್ಕೆ ಅಂತ ಅದುಮಿದ ಗುಣಿ ಬೇರೆ. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಈ ಬಾಟಲಿಗೆ ಪೇಟೆಂಟ್ ತಗೊಂಡಾಗ ನನ್ನ ಎಲ್‌ಇಡಿ ಪಟ್ಟಿಯ ಯೋಚನೆ ಇರಲಿಲ್ಲ, ಪಾಪ. ಆ ಗುಣಿಗಳಲ್ಲೂ ಚುಕ್ಕಿ.

ಪಟ್ಟಿಗೆ ಬಟರ್ ಪೇಪರ್ ಅಂಟಿಸಿದೆ. ಚುಕ್ಕಿ ಹೋಯಿತು, ಜೊತೆಗೆ ಬಾಟಲಿಯೂ ಹೋಯಿತು! ಗಾಜು ನಮಗೆ ಕಾಣುವುದೇ ಸುತ್ತಮುತ್ತ ಇರುವುದನ್ನು ಬಗ್ಗಿಸಿ ತೋರಿಸುವುದರಿಂದ. ಎಲ್ಲಾ ಕಡೆ ಬರೀ ಬಿಳಿ ಇದ್ದರೆ ಅಂಚು ಎಲ್ಲಿಂದ ಬರಬೇಕು? ಒಳಗೆ ಎರಡೂ ಬದಿಗೆ ಕರಿ ಚಾರ್ಟ್ ಪೇಪರ್ ನಿಲ್ಲಿಸೋಣ ಅಂದರೆ ಒಂದೂಕಾಲು ಅಡಿ ಡಬ್ಬದಲ್ಲಿ ಅದು ಫೋಟೋದೊಳಗೇ ಬರುತ್ತದೆ. ಅಲ್ಲಿಗೆ ಕೈಬಿಟ್ಟೆ.

ರಿಂಗ್ ಲೈಟ್: ಪ್ರತಿ ಲೋಟದ ಹೊಟ್ಟೆಯಲ್ಲೂ ಒಂದು ಬಳೆ. ಮಗಳು ರೀಲ್ಸ್‌ಗೆ ಇಟ್ಟುಕೊಂಡಿದ್ದಾಳೆ.

ಪಂಚೆಯ ಕೆಲಸ ಸುಲಭ. ಬಿಸಿಲು ನೇರ ಬೀಳದ ಕಿಟಕಿಗೆ ಬಟ್ಟೆ ಕ್ಲಿಪ್ ಹಾಕಿ ಕಟ್ಟಿ. ಒಂದು ಪದರ ಸಾಲದು, ಹಿಂದಿನ ಸರಳುಗಳ ನೆರಳು ಕಾಣುತ್ತದೆ. ಎರಡು ಮಡಿಕೆ ಮಾಡಿ. ಎರಡಡಿ ಮುಂದೆ ಮೇಜು, ಮೇಜಿನ ಮೇಲೆ ಬಾಟಲಿ, ಫೋಟೋಗೆ ಸಿಗದ ಹಾಗೆ ಎರಡೂ ಪಕ್ಕ ಕರಿ ಚಾರ್ಟ್. ಬಾಟಲಿಯ ಅಂಚಿಗೆ ಪೆನ್ಸಿಲಲ್ಲಿ ತಿದ್ದಿದ ಹಾಗೆ ಕಪ್ಪು ಗೆರೆ ಬರುತ್ತದೆ. ಗೋಲಿಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಇಲ್ಲದಿದ್ದರೆ ಮೊಬೈಲ್ ಪಂಚೆಯ ನೂಲು ಎಣಿಸುತ್ತಾ ಕೂರುತ್ತದೆ.

ಬಾಟಲಿ ಮೇಲೆ ಉಬ್ಬಿರುವ ಅಕ್ಷರ ಓದಿಸಬೇಕಾದರೆ ಕರಿ, ಬಿಳಿಯ ಜಾಗ ಅದಲುಬದಲು ಮಾಡಿ. ಬಾಟಲಿ ಹಿಂದೆ, ಫೋಟೋ ತುಂಬುವಷ್ಟು ಮಾತ್ರ ಕರಿ ಚಾರ್ಟ್ ನಿಲ್ಲಿಸಿ. ಪಂಚೆಯ ಬೆಳಕು ಅದರ ಸುತ್ತಿನಿಂದ ನುಸುಳಿ ಬಂದು ಅಂಚು, ಅಕ್ಷರ ಎರಡೂ ಬೆಳ್ಳಗೆ ಮಿಂಚುತ್ತವೆ. ಗೀರು, ಧೂಳು ಕೂಡ ಮಿಂಚುತ್ತವೆ ಅನ್ನಿ. ಬೋರ್‌ವೆಲ್ ನೀರಿನ ಕಲೆ ಕೂಡ, ಅದಕ್ಕೆ ಕೊನೆಯ ಸಲ ಫಿಲ್ಟರ್ ನೀರಲ್ಲಿ ತೊಳೆಯಿರಿ.

ನಾನು ಫೋಟೋ ತೆಗೆಯುವುದು ಭಾನುವಾರ ಬೆಳಿಗ್ಗೆ, ಚಾರ್ಟ್‌ಗೆ ಕೊಟ್ಟಿದ್ದು 30 ರೂಪಾಯಿ, ನನಗೆ ಇದೇ ಸಾಕು. ರಾತ್ರಿಯಷ್ಟೇ ಪುರುಸೊತ್ತು ಸಿಗುವವರು ಪಂಚೆ ಹಿಂದೆ ಟೇಬಲ್ ಲ್ಯಾಂಪ್ ಇಡಬಹುದು, ತಾಗದಂತೆ ದೂರಕ್ಕೆ. ಪಂಚೆ ಮಾತ್ರ ಅಂಚಿಲ್ಲದ್ದಾಗಿರಲಿ. ನನ್ನ ಮೊದಲ ಹತ್ತು ಫೋಟೋದಲ್ಲಿ ಲೋಟದ ಬಾಯಿಗೆ ಕೆಂಪು ಗೆರೆ ಹೇಗೆ ಬಂತು ಅಂತ ಅರ್ಧ ಗಂಟೆ ಒರೆಸಿದ್ದೇನೆ.